ನೀರಿನ ಘಟಕದ ಮಾಪಕವನ್ನು ಓದುವುದು ಹೇಗೆ?

ವೇಮಗಲ್ ಸುತ್ತಿನ ರೈತ ಬಾಂಧವರೇ, 2018ರ ಜುಲೈ ನಿಮಗೆ ನೆನಪಿರಬಹುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಅದರ ಹಿಂದಿನ ತಿಂಗಳಷ್ಟೆ. ಜುಲೈನಲ್ಲಿ ಆ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಗಿ ನೀರು ಕೆಲಕಾಲ ನಿಂತಿತು. ನೊರೆಯೇನೋ ಕಣ್ಣಿಗೆ ಕಂಡಿತು. ನೀರಿನ ದೋಷಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ಹರಿಯುವ ನೀರನ್ನು ಬಿಡುವಿಲ್ಲದೆ ಅಳೆಯುವ ವಿದ್ಯುನ್ಮಾನ ಮಾಪಕಗಳು ಬೇಕಾಗುವುದು ಇದಕ್ಕೇ.

ಕೆರೆಗೆ ಬರುವ ಆ ನೀರು ಅಂತರ್ಜಲ ಮರುಪೂರಣಕ್ಕೆ, ಕುಡಿಯುವುದಕ್ಕಲ್ಲ. ನಾವು ಕುಡಿಯುವುದು ಕೊಳವೆ ಬಾವಿಯ ನೀರನ್ನು. ಅದೂ ಅನೇಕ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕದ ಮೂಲಕ. ಇಂಥ ಘಟಕಗಳಲ್ಲಿಯೂ ಸಾಮಾನ್ಯವಾಗಿ ಒಂದು ಸಣ್ಣ ಮಾಪಕವಿರುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವಾಗ ಅದರ ಕಡೆ ನೋಡುವವರು ಕಡಮೆ.

ಮಾಪಕದ ಕೆಲಸ ಸರಳ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಅದನ್ನು ಅಳೆದು, ಒಂದು ಲೀಟರಿನಲ್ಲಿ ಕರಗಿರುವ ಲವಣ ಸುಮಾರು ಎಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಒಳಬರುವ ನೀರು 1000, ಹೊರಬರುವ ನೀರು 60 ಇದ್ದರೆ ಪೊರೆ 100ಕ್ಕೆ 94 ಪಾಲು ಲವಣ ತಡೆಯುತ್ತಿದೆ ಎಂದರ್ಥ. ಒಳಬರುವ ನೀರು ಹಾಗೆಯೇ ಇದ್ದು ಹೊರಗಿನ ಅಂಕಿ 200ಕ್ಕೇರಿದರೆ ಪೊರೆ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರಿ ಹಸಿ ನೀರು ಬೆರೆಯುತ್ತಿರಬೇಕು. ರುಚಿಗೆಂದು ಬೇಕೆಂದೇ ಬೆರೆಸುವುದೂ ಉಂಟು. ಯಾವುದೆಂದು ನಿರ್ವಾಹಕರನ್ನು ಕೇಳಿರಿ; ಕೇಳುವುದು ಜಗಳವೇನೂ ಅಲ್ಲ.

ಆದರೆ ಇದನ್ನು ಮರೆಯಬೇಡಿರಿ: ಈ ಮಾಪಕಕ್ಕೆ ಫ್ಲೋರೈಡ್ ಪ್ರತ್ಯೇಕವಾಗಿ ಕಾಣದು. ನಮ್ಮ ಜಿಲ್ಲೆಯ ಆಳದ ಬಾವಿಗಳಲ್ಲಿ ಭಯವಿರುವುದು ಅದರದೇ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ನೂರಾರು ಮಿಲಿಗ್ರಾಂ ಲವಣದ ನಡುವೆ ಮೂರು ಮಿಲಿಗ್ರಾಂ ಫ್ಲೋರೈಡ್ ಅಂಕಿಯನ್ನು ಕದಲಿಸುವುದೇ ಇಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಆ ಕಲೆ ಹೋಗುವುದಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದೆಂಬ ನಂಬಿಕೆಯೂ ತಪ್ಪು, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿಯೂ ಅದು ಹೆಚ್ಚು. ದನಗಳ ತೊಟ್ಟಿಗೆ ಅದನ್ನು ಬಿಡಬೇಡಿರಿ.

ಪೊರೆ ಲವಣದೊಡನೆ ಫ್ಲೋರೈಡನ್ನೂ ತಡೆಯುವುದರಿಂದ ಅಂಕಿ ಏರಿದ್ದು ಮುನ್ಸೂಚನೆಯಂತೂ ಹೌದು. ಆ ದಿನವೇ ಪಂಚಾಯಿತಿಗೆ ತಿಳಿಸಿ, ಎರಡು ಶುಚಿಯಾದ ಪ್ಲಾಸ್ಟಿಕ್ ಬಾಟಲಿಗಳನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಒಂದರಲ್ಲಿ ಬಾವಿಯ ನೀರನ್ನೂ ಇನ್ನೊಂದರಲ್ಲಿ ಘಟಕದ ನೀರನ್ನೂ ತುಂಬಿರಿ. ಸ್ಥಳ, ದಿನಾಂಕ, ಮಾಪಕದ ಅಂಕಿ ಬರೆದು ಅಂಟಿಸಿ, ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ಪರೀಕ್ಷೆಯನ್ನು ಹೆಸರಿಸಿಯೇ ಕೇಳಿರಿ.