ವಾಗಣಗೇರಾ: ಬಿಟ್ಟು ಹೋಗಿ ಉಳಿಸಿಕೊಂಡ ರಾಜ್ಯ

ರಾಯಚೂರಿನಿಂದ ಲಿಂಗಸುಗೂರು ಕಡೆ ಹೊರಟ ಬಸ್ಸು ಕಲ್ಮಲದಲ್ಲಿ ಅರ್ಧ ಖಾಲಿಯಾಗುತ್ತದೆ. ಇಲ್ಲಿ ಹಾದಿ ಕವಲೊಡೆಯುತ್ತದೆ. ಒಂದು ಸಿರವಾರದ ಕಡೆ ಹೋದರೆ, ಇನ್ನೊಂದು ಗಬ್ಬೂರು, ದೇವದುರ್ಗ ದಾಟಿ ಕೃಷ್ಣೆಯ ಮೇಲಿನ ತಿಂಥಣಿ ಬ್ರಿಜ್ಜಿಗೆ ಮುಟ್ಟುತ್ತದೆ. ಕರಿಯಪ್ಪ ತಾತನ ಗುಡಿಗೆ ಬಂದ ಭಕ್ತರು, ಹತ್ತಿ ಮಾರಿ ಊರಿಗೆ ಹೊರಟ ರೈತರು, ಕಾಲೇಜು ಹುಡುಗರು ಎಲ್ಲರೂ ಇಲ್ಲೇ ಬಸ್ಸು ಕಾಯುತ್ತಾರೆ. ಹೋಟೆಲಿನಲ್ಲಿ ಬೆಳಿಗ್ಗೆಯೇ ಒಗ್ಗರಣಿ, ಮಿರ್ಚಿ. ನಾನು ಹಿಡಿದದ್ದು ತಿಂಥಣಿಯ ಹಾದಿ. ಹೊಳೆಯಾಚೆಗಿನ ಗುಡ್ಡವೊಂದರ ಮೇಲೆ ಕೂತು, 86 ವರ್ಷದ ಔರಂಗಜೇಬನನ್ನು ಸುಮಾರು ಮೂರು ತಿಂಗಳು ಬಾಗಿಲ ಹೊರಗೇ ನಿಲ್ಲಿಸಿದ ಒಬ್ಬ ಪುಟ್ಟ ದೊರೆಯ ಕೋಟೆಯನ್ನು ನೋಡಬೇಕಿತ್ತು.

ಕಲ್ಮಲ ಇರುವುದು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನೆಲದಲ್ಲಿ. ಹಳೆಯ ಶಾಸನಗಳ ಎಡೆದೊರೆ ನಾಡು ಇದೇ. ಎರಡು ಹೊಳೆಗಳ ನಡುವಿನ ಈ ನೆಲಕ್ಕಾಗಿ ಚಾಲುಕ್ಯರು ಚೋಳರು ಬಡಿದಾಡಿದರು, ಆಮೇಲೆ ವಿಜಯನಗರದವರು ಬಹಮನಿಯವರು ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ ಕಥೆಯನ್ನು ಪೋರ್ಚುಗೀಸರ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ದೊಡ್ಡವರ ಈ ಕಾಳಗಗಳು ಪಠ್ಯಪುಸ್ತಕದಲ್ಲಿವೆ. ದೊಡ್ಡವರಿಬ್ಬರ ನಡುವೆ ಸಿಕ್ಕ ಸಣ್ಣವರು ಹೇಗೆ ಬದುಕಿದರು ಎಂಬುದು ಮಾತ್ರ ಈ ರಸ್ತೆಯ ಮೇಲೆ ಹೋದವರಿಗೆ ಕಾಣುತ್ತದೆ.

ಗಬ್ಬೂರು ದಾಟಿ ದೇವದುರ್ಗ

ಗಬ್ಬೂರಿನಲ್ಲಿ ಇಳಿದರೆ ಅರ್ಧ ದಿನ ಸಾಲದು. ಮಳೆಶಂಕರ ಗುಡಿ ಸೇರಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ಊರ ತುಂಬ ಇವೆ, ಶಾಸನಗಳೂ ಇವೆ. ಅಲ್ಲಿಂದ ಮುಂದೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಎರೆ ಹೊಲ, ನಡುನಡುವೆ ಒಂದರ ಮೇಲೊಂದು ಕೂತ ಬೂದು ಬಂಡೆಗಳು, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತದ ಹಸಿರು. ಕಾಲುವೆ ಬರುವುದಕ್ಕೆ ಮುಂಚೆ ಇದು ಜೋಳ, ಸಜ್ಜೆ, ಬರಗಾಲದ ಸೀಮೆ. ಬೆಳೆ ಕೈಕೊಟ್ಟ ವರ್ಷ ಗಂಡಸರು ಕೋವಿ ಹೊತ್ತು ದುಡಿಯಲು ಹೋಗುತ್ತಿದ್ದರು.

ಅಂಥವರಲ್ಲಿ ಹೆಸರಾದವರು ಬೇಡರು. ದೇವದುರ್ಗದ ಕೋಟೆ ಈ ಬೇಡ ನಾಯಕರದೇ ಠಾಣೆಯಾಗಿತ್ತು. ಬಿಜಾಪುರದ ಆದಿಲಶಾಹಿ ಸೈನ್ಯದಲ್ಲಿ ಇವರ ಕಾಲಾಳುಗಳಿಗೆ ಬೆಲೆಯಿತ್ತು. ಕೋವಿಯಲ್ಲಿ ಗುರಿ ತಪ್ಪದವರು, ರಾತ್ರಿ ದಾಳಿಯಲ್ಲಿ ಪಳಗಿದವರು ಎಂದು ಇವರ ಮೇಲೆ ಬೆಂಕಿ ಕಾರುವ ಮೊಗಲ್ ಬರಹಗಾರರೇ ಒಪ್ಪಿಕೊಂಡಿದ್ದಾರೆ. ಚಾಕರಿಗೆ ಪ್ರತಿಯಾಗಿ ಸಿಕ್ಕ ಹಳ್ಳಿಗಳು, ‘ಬಲವಂತ ಬಹರಿ ಬಹದ್ದೂರ್’ ಎಂಬ ಬಿರುದು, ಬಂಡೆಗುಡ್ಡಗಳ ಮೇಲಿನ ಕೋಟೆಗಳು ಸೇರಿ ಹೊಳೆಯಾಚೆಗಿನ ಸಗರನಾಡಿನಲ್ಲಿ ಒಂದು ರಾಜ್ಯವೇ ಆಯಿತು. ಮೊದಲು ಸಗರ, ಬಳಿಕ ವಾಗಣಗೇರಾ, ಕೊನೆಗೆ ಸುರಪುರ ಅದರ ರಾಜಧಾನಿಗಳು.

ಇಟಲಿಯ ಉರ್ಬಿನೊ ಎಂಬ ಗುಡ್ಡದೂರಿನ ಡ್ಯೂಕ್ ಫೆದೆರಿಕೊ ದ ಮೊಂತೆಫೆಲ್ತ್ರೊ (1422–1482) ಮಾಡಿದ್ದೂ ಇದನ್ನೇ. ಅವನ ಸೀಮೆಯಲ್ಲಿ ಹುಟ್ಟುವಳಿ ಕಡಿಮೆ. ಮಿಲಾನ್, ನೇಪಲ್ಸ್, ಪೋಪ್ ಹೀಗೆ ಯಾರು ಕರಾರು ಮಾಡಿಕೊಂಡರೆ ಅವರಿಗೆ ಸೈನ್ಯ ಕಟ್ಟಿಕೊಂಡು ಹೋಗಿ ಕಾದಾಡುತ್ತಿದ್ದ. ಆ ದುಡ್ಡಿನಲ್ಲಿ ಅರಮನೆ ಕಟ್ಟಿಸಿದ, ಹಸ್ತಪ್ರತಿಗಳ ಹೆಸರಾಂತ ಭಂಡಾರ ಕೂಡಿಸಿದ. ದೊಡ್ಡವರೆಲ್ಲರಿಗೂ ಅವನು ಬೇಕಾಗಿದ್ದ, ಆದ್ದರಿಂದ ಅವನನ್ನು ನುಂಗಲು ಯಾರಿಗೂ ಆಗಲಿಲ್ಲ. ಸಗರನಾಡಿನ ನಾಯಕರ ನಡೆ ತಿಳಿಯಬೇಕಾದರೆ ಈ ಲೆಕ್ಕ ನೆನಪಿನಲ್ಲಿರಬೇಕು.

ಹೊಳೆಯ ಈಚೆ ದಡ, ಆಚೆ ದಡ

ತಿಂಥಣಿ ಬ್ರಿಜ್ಜಿನ ಮೇಲೆ ಬಸ್ಸು ನಿಧಾನವಾಗುತ್ತದೆ. ಕೆಳಗೆ ಕೃಷ್ಣೆ ಬಂಡೆಗಳ ಸಂದಿಯಲ್ಲಿ ಹರಿಯುತ್ತಾಳೆ. ಬೇಸಿಗೆಯಲ್ಲಿ ಬಂಡೆಗಳೇ ಜಾಸ್ತಿ, ನಾರಾಯಣಪುರದ ಗೇಟು ತೆರೆದಾಗ ಬಂಡೆಗಳೇ ಕಾಣುವುದಿಲ್ಲ. ಆಚೆ ದಡದ ತಿಂಥಣಿಯಲ್ಲಿ ಮೌನೇಶ್ವರರ ಗುಡಿ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಸ್ಥಳ ಇದು, ಇಲ್ಲಿಯ ಜಯಘೋಷದಲ್ಲಿ ಓಂಕಾರವೂ ಇದೆ, ಪೀರ್ ಪೈಗಂಬರರೂ ಇದ್ದಾರೆ. ಬಿಜಾಪುರದ ಸುಲ್ತಾನನಿಗೆ ದುಡಿಯುತ್ತ ಗೋಪಾಲಸ್ವಾಮಿಗೆ ನಡೆದುಕೊಳ್ಳುತ್ತಿದ್ದ ನಾಯಕರ ಸೀಮೆಗೆ ತಕ್ಕ ಹೆಬ್ಬಾಗಿಲು.

ಮುಂದೆ ದೇವಾಪುರ. ಕ್ರಾಸಿನಲ್ಲಿ ಚಹಾದಂಗಡಿ, ಟ್ರ್ಯಾಕ್ಟರುಗಳು, ಸುತ್ತ ಗದ್ದೆ. ಈ ದೇವಾಪುರದಲ್ಲಿ 1705ರಲ್ಲಿ ಸುಮಾರು ಆರು ತಿಂಗಳು ಮೊಗಲ್ ಸಾಮ್ರಾಜ್ಯದ ರಾಜಧಾನಿಯೇ ಡೇರೆ ಹಾಕಿತ್ತು. ವಾಗಣಗೇರಾ ಮುತ್ತಿಗೆ ಮುಗಿಸಿ ಬಂದ ಬಾದಶಹ ಔರಂಗಜೇಬ ಇಲ್ಲಿ ಕಾಯಿಲೆ ಬಿದ್ದ. ಮೈಕೈ ನೋವು, ನಡುನಡುವೆ ಎಚ್ಚರ ತಪ್ಪುವುದು. ಸತ್ತೇಹೋದನೆಂಬ ಪುಕಾರು ಡೇರೆಯಿಂದ ಡೇರೆಗೆ ಹಬ್ಬಿತು. ಶತ್ರುಗಳ ನಾಡಿನ ನಡುವೆ ಸಿಕ್ಕಿಬಿದ್ದ ಪಡೆ ಕಂಗಾಲಾಯಿತು. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟವನು 1706ರ ಜನವರಿಯಲ್ಲಿ ಅಹಮದ್‌ನಗರ ಮುಟ್ಟಿದ, ಮರುವರ್ಷ ಅಲ್ಲೇ ತೀರಿಕೊಂಡ. ಅವನು ಖುದ್ದಾಗಿ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ವಾಗಣಗೇರಾದ್ದೇ.

ಗುಡ್ಡ ಹತ್ತುವಾಗ

ಸುರಪುರದಿಂದ ಪಶ್ಚಿಮಕ್ಕೆ ಹೋದರೆ ವಾಗಣಗೇರಾ. ಊರು ಸಣ್ಣದು. ಹಿಂದೆ ಗುಡ್ಡ, ಗುಡ್ಡದ ಮೈತುಂಬ ಬಂಡೆ, ಬಂಡೆಗಳ ನಡುವೆ ಗೋಡೆ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಮುತ್ಯಾ, ಕೋಟಿಗಿ ಹಾದಿ ಯಾವ ಕಡಿರಿ?”

“ಇತ್ತಾಗ ಹೋಗ್ರಿ. ಆ ಹುಡೇದ ಬುಡಕ ಹಾದಿ ಐತಿ. ನೀರ ತಗೊಂಡೀರೇನು? ಮ್ಯಾಲ ಏನೂ ಸಿಗಂಗಿಲ್ಲ ನೋಡ್ರಿ.”

ಗುಡ್ಡ ಎತ್ತರವೇನಿಲ್ಲ. ಚಿತ್ರದುರ್ಗ ನೋಡಿದವರು ಇದನ್ನು ಕೋಟೆ ಎನ್ನಲು ಅನುಮಾನಿಸಬಹುದು. ಮಣ್ಣು ಗಾರೆಗಿಂತ ಬಂಡೆಯನ್ನೇ ಹೆಚ್ಚು ನಂಬಿ ಕಟ್ಟಿದ್ದಾರೆ. ಎರಡು ಗುಂಡುಗಲ್ಲುಗಳ ನಡುವೆ ಸಂದು ಇದ್ದಲ್ಲಿ ಮಾತ್ರ ಗೋಡೆ. ಜಾಲಿ, ಸೀತಾಫಲದ ಪೊದೆಗಳನ್ನು ಸರಿಸುತ್ತ ಹತ್ತಬೇಕು. ಹುಡೇದ, ಅಂದರೆ ಬುರುಜಿನ, ಮೇಲೆ ನಿಂತಾಗ ಈ ಜಾಗದ ಬಲ ತಿಳಿಯುತ್ತದೆ. ದಕ್ಷಿಣಕ್ಕೆ ಬಯಲು, ಬಯಲಿನಲ್ಲಿ ತಳವಾರಗೇರಾ, ಸುತ್ತಲೂ ಬಿಡಿ ಬಿಡಿ ಗುಡ್ಡಗಳು. ಬಯಲಿಗೆ ಬಂದವರೆಲ್ಲ ಮೇಲಿನ ಕೋವಿಗಳ ಕಣ್ಣಿಗೆ ಬೀಳಲೇಬೇಕು. ಅಡಗಲು ಗಿಡವಿಲ್ಲ, ಮೋರ್ಚಾ ತೋಡಲು ಬಂಡೆ ಬಿಡುವುದಿಲ್ಲ.

ಮುತ್ತಿಗೆಯ ಕಥೆ ಅದಕ್ಕೂ ಇಪ್ಪತ್ತು ವರ್ಷ ಹಿಂದಿನಿಂದ ಶುರುವಾಗುತ್ತದೆ. ಮೊಗಲರು ಬಿಜಾಪುರಕ್ಕೆ ಮುತ್ತಿಗೆ ಹಾಕಿದ್ದಾಗ, 1685ರಲ್ಲಿ, ಸಗರದ ಪಾಮ ನಾಯಕ ಆರು ಸಾವಿರ ಕಾಲಾಳುಗಳ ತಲೆಯ ಮೇಲೆ ಕಾಳಿನ ಚೀಲ ಹೊರಿಸಿ ಹಸಿದ ಊರಿಗೆ ಕಳಿಸಿದ. ಮೊಗಲ್ ಸರದಾರ ಫಿರೋಜ್ ಜಂಗ್ ದಾರಿಯಲ್ಲೇ ಅಡ್ಡಗಟ್ಟಿ ಅವರನ್ನು ಕಡಿದು ಹಾಕಿದ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಬಿದ್ದವು. ಎರಡು ಆಸರೆಗಳೂ ಹೋದಮೇಲೆ ಪಾಮ ನಾಯಕ ಸಗರ ಕೋಟೆಯನ್ನು ಒಪ್ಪಿಸಿ ಬಾದಶಹನ ದರಬಾರಿಗೆ ಹೋದ, ಕೆಲವೇ ದಿನಗಳಲ್ಲಿ ಅಲ್ಲೇ ತೀರಿಕೊಂಡ.

ಅವನ ನಂತರ ಬಂದವನು ಪಿಡ್ಡ ನಾಯಕ. ಕೆಲಕಾಲ ಮೊಗಲರ ಚಾಕರಿಯಲ್ಲೂ ಇದ್ದ. ಆಮೇಲೆ ವಾಗಣಗೇರಾ ಸೇರಿಕೊಂಡು ಗೋಡೆ ಬಲಪಡಿಸಿದ, ಕೋವಿಯವರನ್ನು ಕೂಡಿಸಿದ. ಹನ್ನೆರಡು ಸಾವಿರ ಗುರಿಕಾರರಿದ್ದರೆಂದು ಮೊಗಲರ ಲೆಕ್ಕ. ಕಂದಾಯ ಕೇಳಿದರೆ ಕೊಡುತ್ತಿರಲಿಲ್ಲ, ದಂಡು ಬಂದರೆ ಶರಣೆನ್ನುತ್ತಿದ್ದ, ದಂಡು ತಿರುಗಿದರೆ ಮತ್ತೆ ತನ್ನದೇ ನಡೆ. ಮರಾಠಾ ಸರದಾರರ ಹೆಂಡತಿ ಮಕ್ಕಳಿಗೂ ಕೋಟೆಯೊಳಗೆ ಜಾಗ ಕೊಟ್ಟಿದ್ದ. ಹೆಂಗಸರು ಮಕ್ಕಳು ಇದ್ದ ಕೋಟೆಯನ್ನು ಮರಾಠರು ಕೈಬಿಡುವಂತಿಲ್ಲ. ಆ ಒಂದು ಆತಿಥ್ಯ ಎಷ್ಟು ಬುರುಜುಗಳಿಗೆ ಸಮವಾಯಿತೆಂಬುದು ಮುಂದೆ ತಿಳಿಯಿತು.

1705ರ ಫೆಬ್ರುವರಿಯಲ್ಲಿ ಬಾದಶಹ ಬಂದು ಇಳಿದ. ಮೊದಲ ದಿನಗಳಲ್ಲೇ ಮೊಗಲರು ಕೋಟೆಗೆದುರಾಗಿದ್ದ ಕೆಂಪು ಗುಡ್ಡವನ್ನು, ಅವರ ಬಾಯಲ್ಲಿ ಲಾಲ್ ಟೀಕ್ರಿ, ಹಿಡಿದರು. ಬೇಡರು ಬಂಡೆ ಮರೆಯಿಂದ ಗುಂಡು ಸುರಿಸಿ ಅದನ್ನು ಬಿಡಿಸಿಕೊಂಡರು. ಅಲ್ಲಿ ಕಾದಿದ ಸರದಾರರಲ್ಲಿ ಚಿನ್ ಕಿಲಿಚ್ ಖಾನ್ ಒಬ್ಬ, ಫಿರೋಜ್ ಜಂಗನ ಮಗ. ಫಿರಂಗಿ ಗುಂಡಿಗೆ ಅವನ ಕುದುರೆ ಸತ್ತಿತು, ಅವನು ಉಳಿದ. ಈ ಹೆಸರನ್ನು ಮರೆಯಬೇಡಿ.

ಮಾರ್ಚಿನ ಕೊನೆಗೆ ಧನಾಜಿ ಜಾಧವ ಮತ್ತು ಹಿಂದೂರಾವ್ ಐದಾರು ಸಾವಿರ ಕುದುರೆ ಸವಾರರೊಂದಿಗೆ ಬಂದರು. ಒಂದು ಕಡೆ ಮೊಗಲರ ಮೇಲೆ ಬಿದ್ದು ಗದ್ದಲ ಎಬ್ಬಿಸಿ, ಇನ್ನೊಂದು ಕಡೆಯ ಬಾಗಿಲಿನಿಂದ ತಮ್ಮ ಹೆಂಗಸರು ಮಕ್ಕಳನ್ನು ಸಾಗಿಸಿದರು. ಅಲ್ಲಿಗೆ ಅವರ ಕೆಲಸ ಮುಗಿದಿತ್ತು. ಇನ್ನೂ ಇರಿ ಎಂದು ನಾಯಕ ದಿನಕ್ಕಿಷ್ಟು ಸಾವಿರ ರೂಪಾಯಿ ಎಂದು ದುಡ್ಡು ಗೊತ್ತು ಮಾಡಿದ.

ಆಮೇಲಿನದು ಬಯಲಾಟದ ಪ್ರಸಂಗ. ಕಾಶ್ಮೀರದ ವ್ಯಾಪಾರಿ ಅಬ್ದುಲ್ ಗನಿಯ ಕೈಯಲ್ಲಿ ನಾಯಕ ಸಂಧಿಯ ಮಾತು ಕಳಿಸಿದ. ತಮ್ಮ ಸೋಮಶಂಕರ ಒತ್ತೆಯಾಗಿ ಮೊಗಲರ ಡೇರೆಗೆ ಬಂದ. ಬಾದಶಹ ಮುಹ್ತಶಮ್ ಖಾನನನ್ನು ಕಿಲ್ಲೇದಾರನನ್ನಾಗಿ ಮಾಡಿ ಒಳಗೆ ಕಳಿಸಿದ, ಗೆದ್ದೆವೆಂದು ನಗಾರಿ ಬಾರಿಸಿಯೂ ಆಯಿತು. ಆಗ ಸುದ್ದಿ ಬಂತು: ನಾಯಕನಿಗೆ ತಲೆಕೆಟ್ಟಿದೆ, ಮರಾಠರ ಜೊತೆ ಓಡಿಹೋಗಿದ್ದಾನೆ. ಹಿಂದೆಯೇ ಅವನ ತಾಯಿಯ ಬಿನ್ನಹ: ಸೋಮಶಂಕರನನ್ನು ಬಿಟ್ಟರೆ ಅವನಿಗೆ ಪಟ್ಟಕಟ್ಟಿ ಒಂದು ವಾರದಲ್ಲಿ ಕೋಟೆ ಖಾಲಿ ಮಾಡುತ್ತೇವೆ. ಬಾದಶಹ ಬಿಟ್ಟ. ಒತ್ತೆಯಾಳು ಒಳಗೆ ಬಂದದ್ದೇ ತಡ, ಬಾಗಿಲು ಮುಚ್ಚಿತು. ನಾಯಕ ಎಲ್ಲಿಗೂ ಹೋಗಿರಲಿಲ್ಲ, ತಲೆಯೂ ಕೆಟ್ಟಿರಲಿಲ್ಲ. ಹೊಸ ಕಿಲ್ಲೇದಾರ ಒಳಗೇ ಸೆರೆ. ಇಷ್ಟರಲ್ಲಿ ವಾರಗಳು ಕಳೆದಿದ್ದವು, ಬೇಸಿಗೆ ಏರಿತ್ತು.

ಕೊನೆಗೆ ಜುಲ್ಫಿಕರ್ ಖಾನ್, ದಾವೂದ್ ಖಾನ್, ದಲಪತ ರಾವ್ ಬುಂದೇಲ ಮುಂತಾದವರು ಹೊಸ ಪಡೆಯೊಂದಿಗೆ ಬಂದರು. ಕೋಟೆಯವರು ನೀರು ಸೇದುತ್ತಿದ್ದ ಹೊರಗಿನ ಬಾವಿಗಳನ್ನು ಮೊದಲು ಹಿಡಿದರು. ಏಪ್ರಿಲ್ 27ರಂದು ತಳವಾರಗೇರಾಕ್ಕೆ ನುಗ್ಗಿದರು. ಆ ರಾತ್ರಿ ಪಿಡ್ಡ ನಾಯಕ ಮರಾಠರೊಂದಿಗೆ ಹಿಂಬದಿಯಿಂದ ಜಾರಿಕೊಂಡ, ಹೋಗುವಾಗ ಮನೆಗಳಿಗೆ ಬೆಂಕಿ ಇಟ್ಟ. ಒಳಹೊಕ್ಕವರಿಗೆ ಸಿಕ್ಕಿದ್ದು ಬೂದಿ ಮತ್ತು ಮುಹ್ತಶಮ್ ಖಾನ್. ಬಾದಶಹ ಬರಿದಾದ ಗುಡ್ಡಕ್ಕೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟ. ಆ ಹೆಸರು ಊರಿನಲ್ಲಿ ಯಾರ ಬಾಯಲ್ಲೂ ಉಳಿದಿಲ್ಲ.

ಇಳಿದು ಬಂದಾಗ ಮುತ್ಯಾ ಇನ್ನೂ ಕಟ್ಟೆಯ ಮೇಲಿದ್ದರು. ಮುತ್ತಿಗೆಯ ಮಾತೆತ್ತಿದೆ. “ಬಾದಶಾ ಬಂದ, ನಮ್ಮ ರಾಜಾ ಹ್ವಾದ. ಬಾದಶಾ ಹ್ವಾದ, ನಮ್ಮ ರಾಜಾ ಬಂದ. ಅಷ್ಟ ನೋಡ್ರಿ ಕಥಿ,” ಎಂದರು.

ಇದಕ್ಕಿಂತ ಚೊಕ್ಕಟವಾಗಿ ಯಾವ ಇತಿಹಾಸಕಾರನೂ ಹೇಳಲಾರ. ಫೆದೆರಿಕೊನ ಮಗ ಗುಯಿದೊಬಾಲ್ದೊನ ಮೇಲೆ 1502ರಲ್ಲಿ ಚೆಸಾರೆ ಬೋರ್ಜಾ ಏರಿಬಂದಾಗ ಅವನೂ ಉರ್ಬಿನೊ ಬಿಟ್ಟು ಓಡಿದ. ಮರುವರ್ಷ ಬೋರ್ಜಾನ ತಂದೆ, ಪೋಪ್ ಆರನೇ ಅಲೆಕ್ಸಾಂಡರ್, ಸತ್ತ ಮೇಲೆ ಜನ ಅವನನ್ನು ಮರಳಿ ಕರೆದುಕೊಂಡರು. ಬಂದವನು ಸೀಮೆಯ ಕೋಟೆಗಳನ್ನೆಲ್ಲ ಕೆಡವಿಸಿದನೆಂದು ಮಕಿಯಾವೆಲ್ಲಿ ಬರೆಯುತ್ತಾನೆ. ಕೋಟೆ ಇಲ್ಲದಿದ್ದರೆ ಶತ್ರು ಬಂದು ಕೂರಲು ಜಾಗವಿರುವುದಿಲ್ಲ, ತನಗಾದರೋ ಜನ ಇದ್ದಾರೆ ಎಂಬುದು ಗುಯಿದೊಬಾಲ್ದೊನ ಲೆಕ್ಕ. ಪಿಡ್ಡ ನಾಯಕನೂ ಬಾದಶಹನ ನಂತರ ಬದುಕಿ ಆಳಿದ.

ಸುರಪುರದಲ್ಲಿ ಮುಗಿದ ಲೆಕ್ಕ

ಸುರಪುರ ಸುತ್ತ ಗುಡ್ಡಗಳ ನಡುವಿನ ಊರು. ಪಿಡ್ಡ ನಾಯಕನ ಕಾಲದ್ದೆಂದು ಹೇಳುವ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ, ಕೃಷ್ಣಾಷ್ಟಮಿಯ ಜಾತ್ರೆಯಲ್ಲಿ ಜಾರುವ ಕಂಬ ಹತ್ತುವ ಸ್ಪರ್ಧೆ ಈಗಲೂ ನಡೆಯುತ್ತದೆ. ಚಿನ್ನದ ರೇಕು ಹಚ್ಚಿದ ಸುರಪುರ ಶೈಲಿಯ ಚಿತ್ರಗಳು ಈ ಆಸ್ಥಾನದ ಆಸರೆಯಲ್ಲೇ ಬೆಳೆದವು.

ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಲ್ಲಿ ಇಲ್ಲಿಗೆ ಬಂದು 1853ರ ತನಕ ಆಡಳಿತ ನೋಡಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಮನೆ. ಕೆರೆ, ರಸ್ತೆ, ಕಂದಾಯ ಎಲ್ಲಕ್ಕೂ ಕೈಹಾಕಿದ. ಹತ್ತಿರದ ಬೋನ್ಹಾಳ ಕೆರೆ ದೊಡ್ಡದಾದದ್ದು ಅವನ ಕಾಲದಲ್ಲಿ, ಈಗ ಅದು ಪಕ್ಷಿಧಾಮ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ಅದೇ ವೆಂಕಟಪ್ಪ ನಾಯಕ 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಮೇಲೆ ಎದ್ದ. ಊರ ಹೊರಗಿನ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಸುತ್ತಲಿಂದ ಪಡೆಗಳು ಕೂಡಿದಾಗ ರಾಜ, ಪಿಡ್ಡ ನಾಯಕನಂತೆಯೇ, ರಾತ್ರಿ ಊರು ಬಿಟ್ಟ. ಹೋದದ್ದು ಹೈದರಾಬಾದಿಗೆ. ಅಲ್ಲಿ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಸೆರೆಗೆ ಸಾಗಿಸುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾನೆ, ಸುರಪುರದಲ್ಲಿ ಆ ಮಾತನ್ನು ಒಪ್ಪದವರು ಬಹಳ ಜನ. 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಆ ನಿಜಾಮರ ಮೂಲಪುರುಷನೇ ಲಾಲ್ ಟೀಕ್ರಿಯಲ್ಲಿ ಕುದುರೆ ಕಳೆದುಕೊಂಡ ಚಿನ್ ಕಿಲಿಚ್ ಖಾನ್. ತಂದೆ ಕಾಳಿನ ಚೀಲ ತಡೆದ, ಮಗ ಗುಡ್ಡಕ್ಕೆ ಮುತ್ತಿದ, ಒಂದೂವರೆ ಶತಮಾನ ಬಿಟ್ಟು ವಂಶಕ್ಕೆ ಸೀಮೆ ಸಿಕ್ಕಿತು.

ಹಿರಿಯನಿಗೆ ಫಲಿಸಿದ ಉಪಾಯ ಕಿರಿಯನಿಗೆ ಏಕೆ ಫಲಿಸಲಿಲ್ಲ? ಧೈರ್ಯ ಇಬ್ಬರಿಗೂ ಇತ್ತು, ಜನರೂ ಇದ್ದರು. 1705ರಲ್ಲಿ ಗುಡ್ಡ ಇಳಿದವನಿಗೆ ಮೊಗಲರ ಮಾತು ನಡೆಯದ ಮರಾಠರ ನೆಲ ಪಕ್ಕದಲ್ಲೇ ಇತ್ತು. 1858ರಲ್ಲಿ ಊರು ಬಿಟ್ಟವನು ಯಾವ ದಿಕ್ಕಿಗೆ ಹೋದರೂ ಬ್ರಿಟಿಷರ ಮಾತೇ ನಡೆಯುತ್ತಿತ್ತು. ಉರ್ಬಿನೊ ಕೂಡ ಸುತ್ತಲಿನ ದೊಡ್ಡವರು ಹಲವರಿದ್ದಷ್ಟು ಕಾಲ ಬದುಕಿತು, 1631ರಲ್ಲಿ ಪೋಪರ ರಾಜ್ಯದಲ್ಲಿ ಕರಗಿತು. ಸಣ್ಣ ರಾಜ್ಯವನ್ನು ಕಾಯುವುದು ಅದರ ಗೋಡೆಗಿಂತ ಹೆಚ್ಚಾಗಿ ನೆರೆಹೊರೆಯವರ ಜಗಳ. ವಾಗಣಗೇರಾಕ್ಕೆ ಹೋಗುವವರು ಚಳಿಗಾಲದ ಬೆಳಿಗ್ಗೆ ಹೋಗಿ, ಸುರಪುರದಲ್ಲಿ ಆಟೋ ಗೊತ್ತು ಮಾಡಿಕೊಂಡು, ನೀರು ಒಯ್ಯಿರಿ. ಹುಡೇದ ಮೇಲೆ ನಿಂತವರು ಮುಂದಿನ ಬಯಲಿನಷ್ಟೇ ಗಮನವಿಟ್ಟು ಹಿಂದಿನ ದಿಕ್ಕನ್ನೂ ನೋಡಬೇಕು: ನಾಯಕನ ನಿಜವಾದ ರಕ್ಷಣೆ ಇದ್ದದ್ದು ಆ ಕಡೆ.