ಒಳಚರಂಡಿಯ ದುರಸ್ತಿ ಮತ್ತು ನೆಲದ ಗುಣ

ಮನೆಯ ಮಲಿನ ಜಲವನ್ನು ಸಾಗಿಸುವ ಕೊಳವೆಯನ್ನು ನಾವು ನೆನೆಯುವುದು ಅದು ಕಟ್ಟಿಕೊಂಡಾಗ ಮಾತ್ರ. ಒಡೆದ ತುಂಡನ್ನು ಬದಲಿಸಿ ಮಣ್ಣು ಮುಚ್ಚಿದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಮರುವರ್ಷ ಅದೇ ಸ್ಥಳದಲ್ಲಿ ಮತ್ತೆ ಅಗೆಯಬೇಕಾಗುತ್ತದೆ. ಇದಕ್ಕೆ ಕಾರಣವನ್ನು ಬಹುಮಟ್ಟಿಗೆ ಕೊಳವೆ ಹೂಳಿರುವ ನೆಲದಲ್ಲಿಯೇ ಹುಡುಕಬೇಕು.

ಮುಂಬಯಿ ಮೂಲತಃ ಏಳು ದ್ವೀಪಗಳ ಸಮೂಹ. ನಡುವಣ ತಗ್ಗುಗಳನ್ನು ತುಂಬಿ ನಗರವನ್ನು ಬೆಳೆಸಲಾಯಿತು. ಆದುದರಿಂದ ಗುಡ್ಡಗಳಲ್ಲಿ ಬಸಾಲ್ಟ್ ಬಂಡೆಯೂ, ತಗ್ಗಿನಲ್ಲಿ ಕಡಲ ಕೆಸರು ಹಾಗೂ ತುಂಬುಮಣ್ಣೂ ಸಿಗುತ್ತವೆ. ತುಂಬಿದ ನೆಲ ಎಲ್ಲೆಡೆ ಸಮನಾಗಿ ಕುಸಿಯುವುದಿಲ್ಲ. ನಾಲ್ಕು ಇಂಚಿನ ಕೊಳವೆಗೆ ಸಾಮಾನ್ಯವಾಗಿ 40 ಅಡಿಗೆ 1 ಅಡಿ ಇಳಿಜಾರು ಕೊಡುವುದು ವಾಡಿಕೆ. ನೆಲ ಕುಸಿದು ಇಳಿಜಾರು ಕೆಟ್ಟರೆ ಕೊಳೆ ಅಲ್ಲಿಯೇ ನಿಲ್ಲುತ್ತದೆ. ಇಂತಹ ಕಡೆ ಚೇಂಬರಿನಿಂದ ಚೇಂಬರಿಗೆ ಮಟ್ಟ ನೋಡಿ, ಭದ್ರವಾದ ಹಾಸಿನ ಮೇಲೆ ಕೊಳವೆಯನ್ನು ಮತ್ತೆ ಕೂರಿಸಬೇಕು. ಕಡಲ ಸಮೀಪದಲ್ಲಿ ಅಗೆದ ಗುಂಡಿಗೆ ನೀರು ಜಿನುಗಿ ಪಕ್ಕಗಳು ಕುಸಿಯಬಹುದು. ಕೆಲಸಗಾರರ ಪ್ರಾಣರಕ್ಷಣೆಗಾಗಿ ಹಲಗೆಗಳ ಆಸರೆ ಕೊಡುವುದು ಅತ್ಯವಶ್ಯಕ.

ಬಂಡೆಯ ನೆಲ ಕುಸಿಯದಿದ್ದರೂ ಅದರ ಮೊನೆಗಳು ಕೊಳವೆಯನ್ನು ಒತ್ತಿ ಸೀಳುತ್ತವೆ. ಆದ್ದರಿಂದ ಕೆಳಗೆ ಮರಳಿನ ಮೆತ್ತೆ ಬೇಕು. ಬಂಡೆಯ ಬಿರುಕಿಗೆ ಇಳಿದ ಮಲಿನ ಜಲವು ಮಣ್ಣಿನಲ್ಲಿ ಸೋಸಲ್ಪಡದೆ ದೂರದ ಬಾವಿಯನ್ನು ಸೇರಬಹುದು.

ಪುಣೆಯ ಹಲವು ಭಾಗಗಳಲ್ಲಿರುವುದು ಎರೆಮಣ್ಣು. ಧಾರವಾಡ, ವಿಜಯಪುರಗಳ ಕಡೆಯವರಿಗೆ ಅದರ ಸ್ವಭಾವ ಹೊಸತಲ್ಲ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಈ ಮಣ್ಣಿನಲ್ಲಿ, ಸಿಮೆಂಟಿನಿಂದ ಬೆಸೆದ ಹಳೆಯ ಕೊಳವೆಗಳ ಕೀಲು ಬಿಟ್ಟುಕೊಳ್ಳುತ್ತದೆ. ಸೋರಿದ ನೀರು ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ. ಅಗೆದ ಎರೆಮಣ್ಣಿಗೆ ಬದಲಾಗಿ ಮೊರಂ ತುಂಬಿ ದಮ್ಮಸ್ಸು ಮಾಡಿಸಿ, ರಬ್ಬರು ಉಂಗುರದ ಕೀಲುಳ್ಳ ಕೊಳವೆ ಹಾಕುವುದು ಲೇಸು.

ಇದರಲ್ಲಿ ಹಣಕ್ಕಿಂತ ಮಿಗಿಲಾದುದು ಆರೋಗ್ಯ. ನಮ್ಮ ನಗರಗಳ ಬಹುಭಾಗದಲ್ಲಿ ಕುಡಿಯುವ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಪೂರೈಕೆ ನಿಂತು ಒತ್ತಡ ತಗ್ಗಿದಾಗ, ಬಿರುಕುಬಿಟ್ಟ ನೀರಿನ ಕೊಳವೆಯು ಸುತ್ತಲಿನ ಮಲಿನ ಜಲವನ್ನು ಒಳಗೆಳೆದುಕೊಳ್ಳಬಹುದು. ಕಾಮಾಲೆ, ವಿಷಮಶೀತಜ್ವರ, ಕಾಲರಾ ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು.

ಆದುದರಿಂದ ಸೊಸೈಟಿಯ ಸಭೆಯಲ್ಲಿ ಅತಿ ಕಡಿಮೆ ದರದ ಟೆಂಡರನ್ನು ಒಪ್ಪುವ ಮುನ್ನ ಗುತ್ತಿಗೆದಾರನಿಂದ ನಾಲ್ಕು ವಿಷಯಗಳನ್ನು ಬರಹದಲ್ಲಿ ಪಡೆಯಿರಿ: ಅಗೆದಾಗ ಕಂಡ ಮಣ್ಣು ಯಾವುದು, ಕೊಳವೆಯ ಕೆಳಗೆ ಏನನ್ನು ಹಾಸಲಾಗುವುದು, ಇಳಿಜಾರು ಎಷ್ಟು, ನೀರಿನ ಕೊಳವೆ ಅದಕ್ಕಿಂತ ಮೇಲ್ಮಟ್ಟದಲ್ಲಿ ದೂರವಾಗಿದೆಯೇ. ಗುಂಡಿ ಮುಚ್ಚುವ ಮೊದಲು ಸದಸ್ಯರೊಬ್ಬರು ಇವುಗಳನ್ನು ಕಣ್ಣಾರೆ ನೋಡತಕ್ಕದ್ದು.