ನಿಮಗಿದು ಗೊತ್ತೆ? ಸಿಟ್ಟಿಗೂ ರೇಬೀಸ್‌ಗೂ ಒಂದೇ ಹೆಸರು!

ಇಟಾಲಿಯನ್ ಭಾಷೆಯಲ್ಲಿ ಕಡುಕೋಪಕ್ಕೆ ‘ರಾಬ್ಬಿಯಾ’ ಎನ್ನುತ್ತಾರೆ. ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ರೋಗಕ್ಕೂ ಅಲ್ಲಿ ಇದೇ ಹೆಸರು.

ಮೂಲ ಇರುವುದು ಲ್ಯಾಟಿನ್ನಿನಲ್ಲಿ. ‘ರಾಬೆರೆ’ ಎಂದರೆ ಹುಚ್ಚೆದ್ದು ಕೆರಳುವುದು. ಅದರಿಂದ ಹುಟ್ಟಿದ ನಾಮಪದ ‘ರಾಬಿಯೆಸ್’. ನಾಯಿಗೆ ಹಿಡಿಯುವ ಹುಚ್ಚು, ಮನುಷ್ಯನ ಮಿತಿಮೀರಿದ ರೋಷ ಎರಡಕ್ಕೂ ರೋಮನ್ನರು ಈ ಒಂದೇ ಪದವನ್ನು ಬಳಸುತ್ತಿದ್ದರು. ಜನರ ಆಡುಮಾತಿನಲ್ಲಿ ಅದು ‘ರಾಬಿಯಾ’ ಆಯಿತು, ಇಟಲಿಯಲ್ಲಿ ನಡುವಣ ‘ಬ’ಕಾರ ಒತ್ತು ಪಡೆದು ‘ರಾಬ್ಬಿಯಾ’ ಎಂದು ನಿಂತಿತು. ಸ್ಪೇನಿನವರ ‘ರಾಬಿಯಾ’ಕ್ಕೂ ಇವೇ ಎರಡು ಅರ್ಥ. ಫ್ರೆಂಚರಲ್ಲಿ ಪದ ಸವೆದು ‘ರಾಜ್’ ಆಗಿದೆ. 1885ರಲ್ಲಿ ಲೂಯಿ ಪಾಶ್ಚರ್ ಲಸಿಕೆ ಕೊಟ್ಟು ಬಾಲಕನೊಬ್ಬನನ್ನು ಉಳಿಸಿದ್ದು ಇದೇ ‘ರಾಜ್’ನಿಂದ. ಇಂಗ್ಲಿಷಿನ ‘ರೇಜ್’ ಫ್ರೆಂಚರ ಕೊಡುಗೆ. ವೈದ್ಯರು ಮಾತ್ರ ಲ್ಯಾಟಿನ್ ರೂಪವನ್ನೇ ಹಿಡಿದರು, ಹಾಗಾಗಿ ನಮ್ಮ ಆಸ್ಪತ್ರೆಗಳಲ್ಲಿ ‘ರೇಬೀಸ್’ ಕೇಳುತ್ತದೆ. ಸಂಸ್ಕೃತದಿಂದ ನಮಗೆ ಬಂದ ‘ರಭಸ’ಕ್ಕೂ ಈ ಲ್ಯಾಟಿನ್ ಪದಕ್ಕೂ ನಂಟಿರಬಹುದೆನ್ನುವ ವಿದ್ವಾಂಸರಿದ್ದಾರೆ. ಈ ಊಹೆ ಇನ್ನೂ ಇತ್ಯರ್ಥವಾಗಿಲ್ಲವಾದರೂ ಬಹಳ ಆಕರ್ಷಕವಾದದ್ದು.

ಪದದ ಅತ್ಯಂತ ಸೊಗಸಾದ ಕವಲು ಅಡುಗೆಮನೆಯಲ್ಲಿದೆ. ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲೂ ಕಾಣುವ ‘ಅರಾಬ್ಬಿಯಾತಾ’ ಪಾಸ್ತಾ ರೋಮ್ ಸೀಮೆಯದು. ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಗೊಜ್ಜಿಗೆ ಒಣಮೆಣಸಿನಕಾಯಿ ಧಾರಾಳವಾಗಿ ಬೀಳುತ್ತದೆ. ಆ ಖಾರಕ್ಕಾಗಿಯೇ ಅದಕ್ಕೆ ‘ಸಿಟ್ಟಿಗೆದ್ದದ್ದು’ ಎಂಬ ಹೆಸರು. ಅದೇ ವಿಶೇಷಣದ ಪುಲ್ಲಿಂಗ ರೂಪವನ್ನು ನಾಯಿಗೆ ಸೇರಿಸಿ ‘ಕಾನೆ ಅರಾಬ್ಬಿಯಾತೊ’ ಎಂದರೆ ಹುಚ್ಚುನಾಯಿ.